ನಾಲ್ಕೇ ಛಾಯೆಯಲ್ಲಿ ಒಂದು ಸಮುದ್ರ: ಗೇಮ್ ಬಾಯ್ ಒಳಗೆ ಈಜೋದು ಹೇಗೆ?

ಪ್ಲಾಟ್‌ಫಾರ್ಮ್ ಗೇಮ್ ಆಡಿದವರಿಗೆ ಈ ಅನುಭವ ಗೊತ್ತಿರುತ್ತದೆ. ಗುಂಡಿ ಹಾರುತ್ತಾ, ಇಟ್ಟಿಗೆಗೆ ತಲೆ ಗುದ್ದುತ್ತಾ ಓಡಿ ಬಂದ ಪುಟ್ಟ ಹೀರೋ ಒಂದು ಪೈಪಿನೊಳಗೆ ಇಳಿಯುತ್ತಾನೆ. ಆಚೆ ಕಡೆ ನೀರು. ಬಟನ್ ಅದೇ, ಒತ್ತುವ ಹೆಬ್ಬೆರಳೂ ಅದೇ. ಆದರೆ ಈಗ ಅವನು ಚಂಗನೆ ಹಾರುವುದಿಲ್ಲ. ಮೆಲ್ಲಗೆ ಮೇಲೇರಿ, ಮೆಲ್ಲಗೆ ಇಳಿಯುತ್ತಾನೆ. ನಮ್ಮ ಕೈಗೇ ಏನೋ ತೂಕ ಬಂದ ಹಾಗೆ ಆಗುತ್ತದೆ.

ದೊಡ್ಡ ಟಿವಿಯಲ್ಲಿ, ನೀಲಿ ಬಣ್ಣ ತುಂಬಿದ ಪರದೆಯಲ್ಲಿ ಹೀಗಾದರೆ ಆಶ್ಚರ್ಯವಿಲ್ಲ. ಆದರೆ ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರವಾದ ಗೇಮ್ ಬಾಯ್‌ನಲ್ಲಿ ನೀಲಿಯೇ ಇರಲಿಲ್ಲ. ಹಸಿರು-ಹಳದಿ ಪರದೆ, ಅದರಲ್ಲಿ ನಾಲ್ಕು ಛಾಯೆ: ತೀರಾ ತಿಳಿ, ತಿಳಿ, ಗಾಢ, ಕಪ್ಪು. ಅಗಲಕ್ಕೆ 160 ಪಿಕ್ಸೆಲ್ (ಪರದೆಯ ಚುಕ್ಕಿ), ಎತ್ತರಕ್ಕೆ 144. ಅಷ್ಟರಲ್ಲೇ ಮೀನು, ಗುಳ್ಳೆ, ಪಾಚಿ ಎಲ್ಲ ಇರುವ ಖುಷಿಯ ಸಮುದ್ರ ಕಟ್ಟಿದ್ದಾರೆ. ಅದು ಹೇಗೆ ಸಾಧ್ಯ ಆಯಿತು ಅನ್ನೋದನ್ನ ಬಿಚ್ಚಿ ನೋಡೋಣ. ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಚಿತ್ರದ ಪಾಲು ನಾವು ಅಂದುಕೊಂಡಷ್ಟಿಲ್ಲ. ನೀರಿನ ಬಹುಪಾಲು ಇರುವುದು ಕೂಡಿಸಿ ಕಳೆಯುವ ಲೆಕ್ಕದಲ್ಲಿ.

ಯಂತ್ರದ ಬಗ್ಗೆ ಸ್ವಲ್ಪ ತಿಳಿದಿರಲಿ. ನಿಂಟೆಂಡೊ ಕಂಪನಿ ಗೇಮ್ ಬಾಯ್ ಅನ್ನು ಜಪಾನಿನಲ್ಲಿ 1989ರ ಏಪ್ರಿಲ್ 21ರಂದು ಬಿಡುಗಡೆ ಮಾಡಿತು. ಒಳಗಿನ ಚಿಪ್ಪಿನ ವೇಗ ಸುಮಾರು 4.19 ಮೆಗಾಹರ್ಟ್ಸ್. ಕೆಲಸಕ್ಕೆ 8 ಕಿಲೋಬೈಟ್ ಮೆಮೊರಿ, ಚಿತ್ರಕ್ಕೆ ಇನ್ನೊಂದು 8. ವಾಟ್ಸಾಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಬರುವ ಒಂದು ಶುಭೋದಯದ ಚಿತ್ರವೂ ಇದರೊಳಗೆ ಹಿಡಿಸುವುದಿಲ್ಲ. ಇದಕ್ಕಿಂತ ದೊಡ್ಡ ತಮಾಷೆ ಅಂದರೆ, ಈ ಚಿಪ್ಪಿಗೆ ಗುಣಾಕಾರ ಬರುವುದಿಲ್ಲ, ಭಾಗಾಕಾರವೂ ಬರುವುದಿಲ್ಲ. ಕೂಡುತ್ತದೆ, ಕಳೆಯುತ್ತದೆ, ಎರಡು ಸಂಖ್ಯೆಯಲ್ಲಿ ಯಾವುದು ದೊಡ್ಡದು ಅಂತ ನೋಡುತ್ತದೆ. ಇಷ್ಟರಿಂದಲೇ ಈಜಿಸಬೇಕು.

ಅದಕ್ಕೇ ಇರಬೇಕು, ಯಂತ್ರದ ಜೊತೆಗೇ ಬಂದ 'ಸೂಪರ್ ಮಾರಿಯೋ ಲ್ಯಾಂಡ್' ಆಟದಲ್ಲಿ ಮಾರಿಯೋ ಈಜುವುದೇ ಇಲ್ಲ. ನೀರಿನೊಳಗಿನ ಲೆವೆಲ್ ಬಂದಾಗ ಅವನನ್ನು ಮರೀನ್ ಪಾಪ್ ಎಂಬ ಪುಟ್ಟ ಸಬ್‌ಮರೀನ್‌ನಲ್ಲಿ ಕೂರಿಸಿ, ಗುಂಡು ಹಾರಿಸುವ ಆಟ ಮಾಡಿಬಿಟ್ಟರು. ಆಟ ತುಂಬಿರುವ ಆ ಕಾರ್ಟ್ರಿಡ್ಜ್‌ನಲ್ಲಿ ಇದ್ದದ್ದೇ 64 ಕಿಲೋಬೈಟ್ ಜಾಗ. 1992ರಲ್ಲಿ ಬಂದ ಎರಡನೇ ಭಾಗಕ್ಕೆ 512 ಕಿಲೋಬೈಟ್, ಅಂದರೆ ಎಂಟು ಪಟ್ಟು ಸಿಕ್ಕಿತು. ಅದರಲ್ಲಿ ಟರ್ಟಲ್ ಝೋನ್ ಅಂತ ಒಂದು ಪೂರ್ತಿ ಜಲಲೋಕವಿದೆ. ಸಬ್‌ಮರೀನ್, ತಿಮಿಂಗಿಲ, ಆಕ್ಟೋಪಸ್ ಎಲ್ಲ ಉಂಟು. ಇಲ್ಲಿ ಮಾರಿಯೋ ಕೈಕಾಲು ಬಡಿದು ನಿಜವಾಗಿ ಈಜುತ್ತಾನೆ.

ಚಿಪ್ಪಿನ ಮಟ್ಟಿಗೆ ನೀರು ಅಂದರೆ

ಆಟದ ಪ್ರೋಗ್ರಾಮು ಸೆಕೆಂಡಿಗೆ ಸುಮಾರು 60 ಸಲ ಒಂದೇ ಸುತ್ತು ಹೊಡೆಯುತ್ತದೆ. ಬಟನ್ ಒತ್ತಿದ್ದಾರಾ ನೋಡು, ವೇಗ ಬದಲಿಸು, ಜಾಗ ಬದಲಿಸು, ಚಿತ್ರ ತೋರಿಸು. ಇಂಥ ಒಂದು ಸುತ್ತಿಗೆ ಫ್ರೇಮ್ ಅಂತಾರೆ.

ಇಲ್ಲಿ ಮೊದಲ ತೊಡಕು ಬರುತ್ತದೆ. ನೀರಿನಲ್ಲಿ ಚಲನೆ ನಿಧಾನ. ಒಂದು ಫ್ರೇಮಿಗೆ ಒಂದು ಪಿಕ್ಸೆಲ್ ಸರಿದರೂ ಸೆಕೆಂಡಿಗೆ 60 ಪಿಕ್ಸೆಲ್ ಆಯಿತು. ಪರದೆಯ ಎತ್ತರವೇ 144. ಹಾಗಾಗಿ ಮುಕ್ಕಾಲು ಪಿಕ್ಸೆಲ್, ಕಾಲು ಪಿಕ್ಸೆಲ್ ಲೆಕ್ಕ ಬೇಕು. ಆದರೆ ಅರ್ಧ ಪಿಕ್ಸೆಲ್ ಅನ್ನೋದು ಪರದೆಯಲ್ಲಿ ಇಲ್ಲ, ದಶಾಂಶ ಅನ್ನೋದು ಈ ಚಿಪ್ಪಿಗೆ ಗೊತ್ತಿಲ್ಲ. ಅದಕ್ಕೆ ಹಳೇ ಪ್ರೋಗ್ರಾಮರ್‌ಗಳು ಒಂದು ಉಪಾಯ ಮಾಡಿದರು: ಒಂದು ಪಿಕ್ಸೆಲ್ಲನ್ನು 256 ಚೂರು ಅಂತ ಅಂದುಕೊಳ್ಳುವುದು, ಲೆಕ್ಕವನ್ನೆಲ್ಲ ಚೂರಿನಲ್ಲೇ ಇಡುವುದು. ಚಿತ್ರ ತೋರಿಸುವಾಗ ಮಾತ್ರ ಪೂರ್ತಿ ಪಿಕ್ಸೆಲ್ ಎಷ್ಟಾಯಿತು ಅಂತ ನೋಡಿ, ಮಿಕ್ಕ ಚೂರುಗಳನ್ನು ಮುಂದಿನ ಫ್ರೇಮಿಗೆ ಉಳಿಸಿಕೊಳ್ಳುವುದು. 256 ಯಾಕೆ? ಒಂದು ಬೈಟ್‌ನಲ್ಲಿ ಹಿಡಿಸುವುದು 0ರಿಂದ 255ರವರೆಗೆ. ಅಲ್ಲಿಂದ ಮುಂದೆ ಕೂಡಿಸಿದರೆ ತಾನಾಗಿ ಪಕ್ಕದ ಬೈಟಿಗೆ ಒಂದು ದಶಕ ಹೋಗುತ್ತದೆ. ಆ ಪಕ್ಕದ ಬೈಟೇ ಪಿಕ್ಸೆಲ್ ಸಂಖ್ಯೆ. ಭಾಗಾಕಾರ ಮಾಡುವ ಪ್ರಶ್ನೆಯೇ ಬರಲಿಲ್ಲ ನೋಡಿ.

ಈಗ ಒಂದು ನೆಗೆತ ಮತ್ತು ಒಂದು ಈಜನ್ನು ಹತ್ತಿರದಿಂದ ನೋಡೋಣ. ಕೆಳಗಿನ ಅಂಕಿಗಳನ್ನು ಯಾವ ಆಟದಿಂದಲೂ ಎತ್ತಿಕೊಂಡಿಲ್ಲ, ಲೆಕ್ಕ ತೋರಿಸಲು ನಾನೇ ಹಾಕಿಕೊಂಡವು.

ನೆಲದ ಮೇಲೆ ಬಟನ್ ಒತ್ತಿದಿರಿ ಅಂದುಕೊಳ್ಳಿ. ಹೀರೋಗೆ ಮೇಲ್ಮುಖವಾಗಿ 900 ಚೂರು ವೇಗ ಕೊಡೋಣ, ಅಂದರೆ ಫ್ರೇಮಿಗೆ ಮೂರೂವರೆ ಪಿಕ್ಸೆಲ್. ಪ್ರತಿ ಫ್ರೇಮಿನಲ್ಲೂ ಆ ವೇಗದಿಂದ 48 ಕಳೆಯುತ್ತಾ ಹೋಗೋಣ. ಈ 48 ಇದೆಯಲ್ಲ, ಅದೇ ನಮ್ಮ ಗುರುತ್ವಾಕರ್ಷಣೆ. ಸುಮಾರು 19ನೇ ಫ್ರೇಮಿಗೆ ವೇಗ ಸೊನ್ನೆಗೆ ಬರುತ್ತದೆ. ಅಷ್ಟರಲ್ಲಿ ಹೀರೋ ಸುಮಾರು 33 ಪಿಕ್ಸೆಲ್ ಮೇಲೆ ಹೋಗಿರುತ್ತಾನೆ. ಅಷ್ಟೇ ಹೊತ್ತಿನಲ್ಲಿ ವಾಪಸ್ ಬೀಳುತ್ತಾನೆ. ಇಡೀ ನೆಗೆತ ಮುಗಿಯಲು 38 ಫ್ರೇಮ್, ಸೆಕೆಂಡಿನ ಮೂರನೇ ಎರಡು ಭಾಗವೂ ಪೂರ್ತಿ ಆಗುವುದಿಲ್ಲ.

ನೀರಿನಲ್ಲಿ ಅದೇ ಪ್ರೋಗ್ರಾಮು, ಬೇರೆ ಅಂಕಿ. ಒಂದು ಸಲ ಕೈ ಬೀಸಿದರೆ 320 ಚೂರು ವೇಗ. ಪ್ರತಿ ಫ್ರೇಮಿಗೆ ಕಳೆಯುವುದು ಬರೀ 8. ಸೊನ್ನೆಗೆ ಬರಲು 40 ಫ್ರೇಮ್ ಬೇಕು. ಏರುವ ಎತ್ತರ 25 ಪಿಕ್ಸೆಲ್. ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಅಲ್ವಾ? ಸಮಯದಲ್ಲಿದೆ. ನೆಲದ ಮೇಲೆ ಹಾರಿ ಇಳಿದು ಮುಗಿಸುವಷ್ಟು ಹೊತ್ತಿನಲ್ಲಿ ಇಲ್ಲಿ ಏರುವುದೇ ಮುಗಿದಿಲ್ಲ.

ಇಳಿಯುವುದಕ್ಕೆ ಇನ್ನೊಂದು ಅಂಕಿ ಇದೆ: ಗರಿಷ್ಠ ವೇಗ. ನೆಲದ ಮೇಲೆ ಅದನ್ನು ಫ್ರೇಮಿಗೆ 4 ಪಿಕ್ಸೆಲ್ ಅಂತ ಇಟ್ಟರೆ, ಆ ವೇಗದಲ್ಲಿ ಪರದೆಯ ಮೇಲಿಂದ ಕೆಳಕ್ಕೆ ಬೀಳಲು 36 ಫ್ರೇಮ್ ಸಾಕು. ನೀರಿನಲ್ಲಿ 192 ಚೂರು, ಅಂದರೆ ಮುಕ್ಕಾಲು ಪಿಕ್ಸೆಲ್ ಅಂತ ಇಟ್ಟರೆ 192 ಫ್ರೇಮ್ ಬೇಕು. ಮೂರು ಸೆಕೆಂಡಿಗೂ ಸ್ವಲ್ಪ ಜಾಸ್ತಿ. ಆ ಮೂರು ಸೆಕೆಂಡಿನಲ್ಲಿ ಕಣ್ಣಿಗೆ ಬೇರೇನೂ ತೋರಿಸಬೇಕಿಲ್ಲ. 'ಇದು ನೀರು' ಅಂತ ನಮಗೇ ಗೊತ್ತಾಗುತ್ತದೆ.

ಅಂಕಿಗಳ ಜೊತೆ ಒಂದು ಷರತ್ತೂ ಬದಲಾಗುತ್ತದೆ, ಮತ್ತು ನನ್ನ ಪ್ರಕಾರ ಆಟವನ್ನೇ ಬದಲಿಸುವುದು ಇದು. ನೆಲದ ಮೇಲೆ ಬಟನ್ ಒತ್ತಿದಾಗ ಪ್ರೋಗ್ರಾಮು ಮೊದಲು ಕೇಳುತ್ತದೆ: ಕಾಲು ನೆಲದ ಮೇಲಿದೆಯಾ? ಇದ್ದರೆ ಮಾತ್ರ ಹಾರಬಹುದು. ನೀರಿನಲ್ಲಿ ಈ ಪ್ರಶ್ನೆಯನ್ನೇ ತೆಗೆದುಹಾಕುತ್ತಾರೆ. ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಒತ್ತಬಹುದು. ಅಲ್ಲಿಗೆ ಗುಂಡಿ ಅನ್ನೋ ಭಯವೇ ಹೋಯಿತು.

ಒತ್ತಿದಾಗ ವೇಗವನ್ನು 320ಕ್ಕೆ ಇಡಬೇಕೋ, ಇದ್ದ ವೇಗಕ್ಕೆ 320 ಕೂಡಿಸಬೇಕೋ ಅನ್ನೋದು ಸಣ್ಣ ವಿಷಯದಂತೆ ಕಾಣುತ್ತದೆ. ಕೂಡಿಸಿದರೆ, ಬಟನ್ನನ್ನು ಪಟಪಟ ಬಡಿಯುವ ಮಕ್ಕಳು ರಾಕೆಟ್ಟಿನ ಥರ ಮೇಲೆ ಹೋಗಿ ಛಾವಣಿಗೆ ಗುದ್ದುತ್ತಾರೆ. ಇಟ್ಟರೆ ಎಷ್ಟು ಬಡಿದರೂ ಅದೇ ವೇಗ, ಆಟ ಕೈ ಮಾತು ಕೇಳುತ್ತದೆ. ಕೂಡಿಸಿ ಅದಕ್ಕೊಂದು ಮಿತಿ ಹಾಕುವವರೂ ಇದ್ದಾರೆ. ಎರಡರಲ್ಲಿ ಯಾವುದನ್ನು ಆರಿಸಿದ್ದಾರೆ ಅನ್ನೋದು ಒಂದು ನಿಮಿಷ ಆಡಿದರೆ ಹೆಬ್ಬೆರಳಿಗೇ ತಿಳಿಯುತ್ತದೆ.

ಇನ್ನು ನೀರಿನ ಮೇಲ್ಮೈ. ಕಾಣಲು ಅದೊಂದು ಗೆರೆ ಅಷ್ಟೇ. ಆದರೆ ಪ್ರೋಗ್ರಾಮರ್‌ಗೆ ಅದು ತಲೆನೋವಿನ ಜಾಗ. ಹೀರೋ ನೀರಿನಲ್ಲಿದ್ದಾನಾ ಅಂತ ತಿಳಿಯಲು ಅವನ ಮೈಯ ನಡುವಿನ ಒಂದು ಬಿಂದು ಯಾವ ಟೈಲ್ (ಪರದೆಯ ಚಿತ್ರ ಕಟ್ಟುವ ಪುಟ್ಟ ಚೌಕ) ಮೇಲಿದೆ ಅಂತ ನೋಡುವುದು ಸುಲಭದ ದಾರಿ. ಈಗ ಅವನು ಈಜಿ ಮೇಲೆ ಬಂದ. ಆ ಬಿಂದು ನೀರಿನಿಂದ ಹೊರಗೆ ಬಂತು. ತಕ್ಷಣ ನೆಲದ ಗುರುತ್ವ ಶುರು, ದಬಕ್ಕನೆ ಕೆಳಗೆ. ನೀರಿಗೆ ಬಿದ್ದ, ಮತ್ತೆ ನೀರಿನ ಲೆಕ್ಕ. ಆಟಗಾರ ಮತ್ತೆ ಒತ್ತಿದ, ಮತ್ತೆ ಹೊರಗೆ. ಕಣ್ಣಿಗೆ ಇದು ನಡುಕದ ಹಾಗೆ ಕಾಣುತ್ತದೆ, ದಡ ಹತ್ತಲೂ ಆಗುವುದಿಲ್ಲ. ಪರಿಹಾರ ಅಂದರೆ ಮೇಲ್ಮೈಗೇ ಒಂದು ಮೂರನೇ ಸ್ಥಿತಿ ಮಾಡುವುದು. ಗೆರೆಯಿಂದ ಎರಡು ಮೂರು ಪಿಕ್ಸೆಲ್ ಒಳಗಿದ್ದರೆ ವೇಗ ಸೊನ್ನೆ, ಹೀರೋ ತಲೆ ಹೊರಗಿಟ್ಟು ತೇಲಲಿ. ಅಲ್ಲಿಂದ ಬಟನ್ ಒತ್ತಿದರೆ ಈಜು ಬೇಡ, ನೆಲದ ಮೇಲಿನ ಪೂರ್ತಿ ನೆಗೆತ ಕೊಡು. ಈ ಜಂಜಾಟವೇ ಬೇಡ ಅನ್ನುವವರು ಇಡೀ ಲೆವೆಲ್ಲನ್ನೇ ನೀರು ಮಾಡಿಬಿಡುತ್ತಾರೆ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಹಿಡಿದ ದಾರಿ ಅದೇ.

ನೀಲಿ ಇಲ್ಲದ ಕಡೆ ನೀರು ತೋರಿಸೋದು

ಲೆಕ್ಕದಿಂದ ಬಹುಪಾಲು ಆಯಿತು ಅಂದೆ. ಉಳಿದದ್ದು ಕಣ್ಣಿಗೆ.

ಗೇಮ್ ಬಾಯ್ ಪರದೆಯನ್ನು ಪಿಕ್ಸೆಲ್ ಪಿಕ್ಸೆಲ್ಲಾಗಿ ಬರೆಯುವುದಿಲ್ಲ. ಎಂಟಕ್ಕೆ ಎಂಟು ಪಿಕ್ಸೆಲ್ಲಿನ ಟೈಲುಗಳನ್ನು ಜೋಡಿಸುತ್ತದೆ. ಹಿನ್ನೆಲೆ ಅಂದರೆ 32ಕ್ಕೆ 32 ಟೈಲುಗಳ ಒಂದು ನಕ್ಷೆ. ಯಾವ ಚೌಕದಲ್ಲಿ ಎಷ್ಟನೇ ನಂಬರಿನ ಟೈಲು ಅಂತ ಅದರಲ್ಲಿ ಬರೆದಿರುತ್ತದೆ, ಅಷ್ಟೇ. ಒಂದು ಟೈಲಿನ ಚಿತ್ರಕ್ಕೆ ಬೇಕಾದ್ದು 16 ಬೈಟ್. ಇದರಿಂದ ಒಂದು ಪುಕ್ಕಟೆ ಲಾಭ ಇದೆ. ಸಮುದ್ರದ ತಳದಲ್ಲಿ 50 ಕಡೆ ಪಾಚಿ ಇದೆ ಅನ್ನಿ. ಐವತ್ತೂ ಕಡೆ ಇರುವುದು ಒಂದೇ ಟೈಲಿನ ನಂಬರು. ಆ ಒಂದು ಟೈಲಿನ 16 ಬೈಟ್ ಬದಲಿಸಿದರೆ ಐವತ್ತೂ ಪಾಚಿ ಒಟ್ಟಿಗೆ ಬಳುಕುತ್ತವೆ. ನಾಲ್ಕು ಭಂಗಿ ಬರೆದಿಟ್ಟುಕೊಂಡರೆ 64 ಬೈಟ್. ನೀರಿನ ಮೇಲಿನ ಅಲೆಗೂ ಇದೇ ವಿದ್ಯೆ.

ನೀರಿನ ಗೆರೆಯ ಕೆಳಗೆ ಎಲ್ಲವೂ ಸ್ವಲ್ಪ ಕಪ್ಪಾಗಿ ಕಾಣಬೇಕು ಅಂದರೆ? ಅದಕ್ಕೆ ಒಂದೇ ಒಂದು ಬೈಟ್ ಸಾಕು. ಹಿನ್ನೆಲೆಯ ನಾಲ್ಕು ಛಾಯೆಗಳನ್ನು ತೀರ್ಮಾನಿಸುವ ಒಂದು ರಿಜಿಸ್ಟರ್, ಅಂದರೆ ಯಂತ್ರದೊಳಗೆ ಒಂದು ಬೈಟ್ ಹಿಡಿಸುವ ಖಾನೆ, ಇದೆ. ಅದರ ಎಂಟು ಬಿಟ್‌ಗಳನ್ನು ಎರಡೆರಡಾಗಿ ಓದಬೇಕು. 11 10 01 00 ಅಂತ ಇದ್ದರೆ ಎಲ್ಲವೂ ಮಾಮೂಲಿ: ಕೊನೆಯ ಜೋಡಿ ತೀರಾ ತಿಳಿ, ಮೊದಲ ಜೋಡಿ ಕಪ್ಪು. ಅದನ್ನೇ 11 11 10 01 ಅಂತ ಬರೆದರೆ ತೀರಾ ತಿಳಿ ಇದ್ದದ್ದು ತಿಳಿಯಾಯಿತು, ತಿಳಿ ಇದ್ದದ್ದು ಗಾಢವಾಯಿತು, ಗಾಢ ಇದ್ದದ್ದು ಕಪ್ಪಾಯಿತು. ಇಡೀ ಹಿನ್ನೆಲೆ ಒಂದು ಮೆಟ್ಟಿಲು ಕೆಳಗಿಳಿಯಿತು. ಪರದೆಯನ್ನು ಯಂತ್ರ ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ಬಿಡಿಸುತ್ತದೆ. 'ಇಷ್ಟನೇ ಗೆರೆ ಬಂದಾಗ ನನ್ನನ್ನು ಕರೆ' ಅಂತ ಅದಕ್ಕೆ ಹೇಳಿಡಬಹುದು. ನೀರು ಶುರುವಾಗುವ ಗೆರೆಗೆ ಕರೆ ಬಂದಾಗ ಆ ಬೈಟ್ ಬದಲಿಸಿದರೆ ಮೇಲೆ ಬೆಳಕು, ಕೆಳಗೆ ನೀರು.

ಇದಕ್ಕೊಂದು ಬೆಲೆ ಇದೆ. ಗಾಢ ಮತ್ತು ಕಪ್ಪು ಎರಡೂ ಒಂದೇ ಆಗಿಬಿಟ್ಟವಲ್ಲ, ಇದ್ದ ನಾಲ್ಕರಲ್ಲಿ ಒಂದು ಛಾಯೆ ಕಳೆದುಹೋಯಿತು. ಬಂಡೆಯ ಮೇಲಿನ ಬಿರುಕು ನೀರಿನೊಳಗೆ ಹೋದರೆ ಮಾಯ. ಹಾಗಾಗಿ ಚಿತ್ರ ಬರೆಯುವವರು ಮೊದಲೇ ಎಚ್ಚರಿಕೆಯಿಂದ ಇರಬೇಕು. ಹೀರೋ, ಮೀನು ಮುಂತಾದವು ಸ್ಪ್ರೈಟ್‌ಗಳು, ಅಂದರೆ ಹಿನ್ನೆಲೆಯ ಮೇಲೆ ಬೇರೆಯಾಗಿ ಓಡಾಡುವ ಚಿತ್ರಗಳು. ಅವುಗಳ ಛಾಯೆಗೆ ಬೇರೆಯೇ ರಿಜಿಸ್ಟರ್. ಅದನ್ನು ಮುಟ್ಟದೆ ಬಿಟ್ಟರೆ ಕತ್ತಲ ನೀರಿನಲ್ಲಿ ಹೀರೋ ಮಾತ್ರ ಎದ್ದು ಕಾಣುತ್ತಾನೆ. ಇಷ್ಟು ಸಣ್ಣ ಪರದೆಯಲ್ಲಿ ಇದು ಬಹಳ ಉಪಕಾರ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ನೀರು ಅಲುಗುವ ವಿದ್ಯೆ. ಹಿನ್ನೆಲೆ ಎಷ್ಟು ಪಿಕ್ಸೆಲ್ ಪಕ್ಕಕ್ಕೆ ಸರಿದಿರಬೇಕು ಅಂತ ಹೇಳುವ ಇನ್ನೊಂದು ರಿಜಿಸ್ಟರ್ ಇದೆ. ಲೆವೆಲ್ ಪಕ್ಕಕ್ಕೆ ಓಡುವುದೇ ಅದರಿಂದ. ಅದನ್ನು ಫ್ರೇಮಿಗೊಮ್ಮೆ ಬದಲಿಸುವ ಬದಲು ಪ್ರತಿ ಗೆರೆಗೂ ಬದಲಿಸಿದರೆ? ಒಂದು ಪಟ್ಟಿ ಮಾಡಿ: 0, 1, 1, 2, 2, 2, 1, 1, 0, ಆಮೇಲೆ ಅದೇ ಅಂಕಿಗಳು ಎಡಕ್ಕೆ. ಒಟ್ಟು 16 ಅಂಕಿ. ಮೊದಲ ಗೆರೆ ಇದ್ದಲ್ಲೇ, ಎರಡನೆಯದು ಒಂದು ಪಿಕ್ಸೆಲ್ ಬಲಕ್ಕೆ, ನಾಲ್ಕನೆಯದು ಎರಡು ಪಿಕ್ಸೆಲ್, ಹೀಗೆ. 144 ಗೆರೆಗೆ ಈ ಪಟ್ಟಿ ಒಂಬತ್ತು ಸಲ ತಿರುಗುತ್ತದೆ. ಮುಂದಿನ ಫ್ರೇಮಿನಲ್ಲಿ ಪಟ್ಟಿಯನ್ನು ಒಂದು ಸ್ಥಾನ ಮುಂದಿನಿಂದ ಶುರು ಮಾಡಿ. ನೇರವಾಗಿದ್ದ ಬಂಡೆ, ಗೋಡೆ, ಕಂಬ ಎಲ್ಲ ನೀರಿನಡಿ ನೋಡಿದ ಹಾಗೆ ಓಲಾಡತೊಡಗುತ್ತವೆ. ಒಂದೂ ಹೊಸ ಚಿತ್ರ ಬರೆದಿಲ್ಲ. ಅಂಕ, ಜೀವ ತೋರಿಸುವ ಪಟ್ಟಿಯನ್ನು 'ವಿಂಡೋ' ಅನ್ನೋ ಬೇರೆ ಪದರದಲ್ಲಿ ಇಟ್ಟರೆ ಈ ಓಲಾಟ ಅದಕ್ಕೆ ತಟ್ಟುವುದೂ ಇಲ್ಲ.

ಹಾಗಾದರೆ ಎಲ್ಲ ನೀರಿನ ಲೆವೆಲ್ಲುಗಳೂ ಯಾಕೆ ಹೀಗೆ ಅಲುಗುವುದಿಲ್ಲ? ಎರಡು ಕಾರಣ. ಒಂದು ಗೆರೆ ಬಿಡಿಸುವ ಹೊತ್ತಿನಲ್ಲಿ ಚಿಪ್ಪಿಗೆ ಸಿಗುವುದು 114 ಪುಟ್ಟ ಹೆಜ್ಜೆಗಳಷ್ಟು ಸಮಯ. ಪ್ರತಿ ಗೆರೆಗೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಪಟ್ಟಿ ನೋಡಿ, ಬರೆದು, ವಾಪಸ್ ಹೋಗುವುದರಲ್ಲೇ ಅದರ ದೊಡ್ಡ ಪಾಲು ಖರ್ಚು. ಮೀನುಗಳನ್ನು ಓಡಿಸಲು, ಸಂಗೀತ ನುಡಿಸಲು ಸಮಯ ಸಾಲದು. ಇನ್ನೊಂದು ಕಾರಣ ಮೋಸದ್ದು. ಕಣ್ಣಿಗೆ ಬಂಡೆ ಎರಡು ಪಿಕ್ಸೆಲ್ ಬಲಕ್ಕೆ ಸರಿದಿದೆ, ಆದರೆ ಆಟದ ಲೆಕ್ಕದಲ್ಲಿ ಅದು ಇದ್ದಲ್ಲೇ ಇದೆ. ಸ್ಪ್ರೈಟ್‌ಗಳೂ ಓಲಾಡುವುದಿಲ್ಲ. ಮುಳ್ಳು ತಾಗಲಿಲ್ಲ ಅಂದುಕೊಂಡರೆ ತಾಗಿರುತ್ತದೆ. ಎರಡು ಪಿಕ್ಸೆಲ್ ದಾಟಿದರೆ ಆಟಗಾರ ಬೈಯಲು ಶುರು ಮಾಡುತ್ತಾನೆ, ತಪ್ಪೂ ಅಲ್ಲ.

ಮೀನಿನ ಹಿಂಡಿಗೂ ಒಂದು ಕಟ್ಟುಪಾಡಿದೆ. ಪರದೆಯಲ್ಲಿ ಒಟ್ಟು 40 ಸ್ಪ್ರೈಟ್ ಇರಬಹುದು. ಆದರೆ ಒಂದೇ ಗೆರೆಯಲ್ಲಿ ಹತ್ತಕ್ಕಿಂತ ಜಾಸ್ತಿ ಬಂದರೆ ಉಳಿದವನ್ನು ಯಂತ್ರ ತೋರಿಸುವುದೇ ಇಲ್ಲ. ಒಂದು ಸ್ಪ್ರೈಟಿನ ಅಗಲ 8 ಪಿಕ್ಸೆಲ್. 16 ಪಿಕ್ಸೆಲ್ ಅಗಲದ ಮೀನಿಗೆ ಎರಡು ಬೇಕು. ಹೀರೋಗೂ ಎರಡು. ಅಲ್ಲಿಗೆ ಹೀರೋ ಎದುರು ಸಾಲಾಗಿ ನಾಲ್ಕು ಮೀನು ಬರಬಹುದು, ಐದನೆಯದಕ್ಕೆ ಜಾಗವಿಲ್ಲ. ಹಿಂಡನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟರೆ ಈ ತೊಂದರೆ ಇಲ್ಲ. ನೋಡಲೂ ಅದೇ ಚೆಂದ. ಇಂಥ ಕಡೆ ಯಂತ್ರದ ಬಡತನವೇ ಚಿತ್ರಕಾರನಿಗೆ ಒಳ್ಳೆಯ ಸಲಹೆ ಕೊಟ್ಟಿತು ಅನ್ನಬೇಕು.

ಗುಳ್ಳೆ ಪಾರದರ್ಶಕವಾಗಿ ಕಾಣಬೇಕಲ್ಲ? ಅರೆಪಾರದರ್ಶಕ ಅನ್ನೋದು ಈ ಯಂತ್ರದಲ್ಲಿ ಇಲ್ಲವೇ ಇಲ್ಲ. ಆದರೆ ಗುಳ್ಳೆಯನ್ನು ಒಂದು ಫ್ರೇಮಿನಲ್ಲಿ ತೋರಿಸಿ, ಮುಂದಿನದರಲ್ಲಿ ಬಿಟ್ಟು, ಮತ್ತೆ ತೋರಿಸಿದರೆ ಕೆಲಸ ಆಗುತ್ತದೆ. ಹಳೇ ಗೇಮ್ ಬಾಯ್ ಪರದೆ ಮಹಾ ನಿಧಾನ. ಒಂದು ಚಿತ್ರ ಅಳಿಯುವ ಮೊದಲೇ ಇನ್ನೊಂದು ಬಂದು, ಎರಡೂ ಬೆರೆತು ಮಬ್ಬಾಗಿ ಕಾಣುತ್ತವೆ. ವೇಗವಾಗಿ ಓಡುವ ಆಟಗಳಿಗೆ ಇದು ದೊಡ್ಡ ಶಾಪವಾಗಿತ್ತು, ಹೀರೋ ಹಿಂದೆ ಬಾಲದಂತೆ ಮಸುಕು ಬರುತ್ತಿತ್ತು. ನೀರಿನ ಲೆವೆಲ್ಲಿನಲ್ಲಿ ಎಲ್ಲವೂ ನಿಧಾನವಾಗಿರುವುದರಿಂದ ಮಸುಕು ಕಮ್ಮಿ, ಬಂದರೂ ನೀರಿನಲ್ಲಿ ಅದು ಸಹಜ ಅನ್ನಿಸುತ್ತದೆ. ಈ ಪರದೆಗೆ ನಿಜವಾಗಿ ಒಗ್ಗುತ್ತಿದ್ದದ್ದು ಈಜೇ ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಅಸಲಿ ಗೇಮ್ ಬಾಯ್ ಕಂಡವರು ಕಡಿಮೆ. ಜಾತ್ರೆ, ಫ್ಯಾನ್ಸಿ ಸ್ಟೋರುಗಳಲ್ಲಿ ಸಿಗುತ್ತಿದ್ದದ್ದು ಬ್ರಿಕ್ ಗೇಮ್. ಅದರ ಪರದೆ ಹತ್ತಕ್ಕೆ ಇಪ್ಪತ್ತು ಚೌಕ, ಅದರಲ್ಲಿ ಸಮುದ್ರ ಕೇಳಬಾರದು. ಹೀಗಾಗಿ ನಮ್ಮಲ್ಲಿ ಹೆಚ್ಚಿನವರು ಈ ಆಟಗಳನ್ನು ನೋಡಿದ್ದು ಆಮೇಲೆ, ಹಳೇ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರ್‌ನಲ್ಲಿ, ಅಂದರೆ ಕಂಪ್ಯೂಟರ್ ಅಥವಾ ಮೊಬೈಲಿನ ಎಮ್ಯುಲೇಟರ್‌ನಲ್ಲಿ. ಅಲ್ಲಿ ಇಂಥ ಗುಳ್ಳೆ, ನೆರಳುಗಳು ಮಿಣುಕು ಮಿಣುಕು ಅಂದರೆ ಗೇಮ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹೊಸ ಪರದೆ ವೇಗವಾಗಿರುವುದೇ ಅದಕ್ಕೆ ಕಾರಣ. ಕೆಲವು ಎಮ್ಯುಲೇಟರ್‌ಗಳಲ್ಲಿ ಎರಡು ಫ್ರೇಮುಗಳನ್ನು ಬೆರೆಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡಿದರೆ ಸರಿಹೋಗುತ್ತದೆ.

ಗುಳುಗುಳು ಸದ್ದು, ಮತ್ತು ಖುಷಿ ಎಲ್ಲಿಂದ ಬರುತ್ತೆ

ಸದ್ದಿಗೆ ಇರುವುದು ನಾಲ್ಕೇ ಚಾನೆಲ್. ಎರಡು ಕೀರಲು ದನಿಯವು, ಒಂದು 32 ಬಿಂದುಗಳಲ್ಲಿ ನಾವೇ ಅಲೆಯ ಆಕಾರ ಬರೆದುಕೊಡಬಹುದಾದ್ದು, ಒಂದು ಬರೀ ಗದ್ದಲ. ನೀರಿಗೆ ಧುಮುಕಿದ ಸದ್ದಿಗೆ ಗದ್ದಲದ ಚಾನೆಲ್ ಸರಿ. ಗುಳ್ಳೆಗೆ ಮೊದಲ ಚಾನೆಲ್. ಅದಕ್ಕೆ ಸ್ವರವನ್ನು ತಾನಾಗಿ ಏರಿಸುವ ಶಕ್ತಿ ಇದೆ. ಸ್ವರ ಕ್ಷಣದಲ್ಲಿ ಕೆಳಗಿಂದ ಮೇಲೇರಿದರೆ 'ಬುಳಕ್' ಅನ್ನಿಸುತ್ತದೆ. ತೊಂದರೆ ಏನೆಂದರೆ ಅದೇ ಚಾನೆಲ್ಲಿನಲ್ಲಿ ಸಂಗೀತವೂ ಓಡುತ್ತಿರುತ್ತದೆ. ಈಜಿನಲ್ಲಿ ಬಟನ್ ಒತ್ತುವುದು ಜಾಸ್ತಿ, ಒತ್ತಿದಾಗೆಲ್ಲ ರಾಗದ ಒಂದು ದನಿ ಕಡಿದುಹೋದರೆ ಕೇಳುವುದು ಹೇಗೆ? ಅದಕ್ಕೆ ಈಜಿನ ಸದ್ದನ್ನು ಚಿಟಿಕೆಯಷ್ಟು ಚಿಕ್ಕದು ಮಾಡುತ್ತಾರೆ.

ಸಂಗೀತದ ದಾರಿ ಹಾಕಿಕೊಟ್ಟವರು ನಿಂಟೆಂಡೊದ ಸಂಗೀತಗಾರ ಕೋಜಿ ಕೊಂಡೊ. 1985ರ ಮಾರಿಯೋ ಆಟದ ನೀರಿನ ಲೆವೆಲ್ಲಿಗೆ ಅವರು ಮೂರು ಎಣಿಕೆಯ ವಾಲ್ಟ್ಸ್ ಬರೆದರು. ನಮ್ಮ ಲೆಕ್ಕದಲ್ಲಿ ತಿಶ್ರ ಅನ್ನಿ. ನಾಲ್ಕು ಎಣಿಕೆ ಓಟಕ್ಕೆ ಹೊಂದುತ್ತದೆ, ಮೂರು ಎಣಿಕೆ ತೂಗುತ್ತದೆ. ಆಮೇಲೆ ಬಂದ ಎಷ್ಟೋ ಆಟಗಳ ನೀರು ಇದೇ ತೂಗಾಟ ಹಿಡಿದಿದೆ.

ಆದರೂ ನೀರಿನ ಲೆವೆಲ್ ಅಂದರೆ ಮೂಗು ಮುರಿಯುವವರೇ ಹೆಚ್ಚು. ಯಾಕೆ? ಒಂದು, ಓಡಿ ಅಭ್ಯಾಸವಾದವನಿಗೆ ನಿಧಾನ ಸಹಿಸಲಾಗದು. ಎರಡನೆಯದು ಉಸಿರು. 1991ರ ಸೋನಿಕ್ ಆಟದಲ್ಲಿ ನೀರಿನೊಳಗೆ 30 ಸೆಕೆಂಡಿನಷ್ಟು ಹೊತ್ತು ಗಾಳಿಯ ಗುಳ್ಳೆ ನುಂಗದಿದ್ದರೆ ಸಾವು. ಕೊನೆಗೆ 5, 4, 3 ಅಂತ ಎಣಿಕೆ ಬರುತ್ತದೆ, ಜೊತೆಗೆ ಎದೆ ಹೊಡೆದುಕೊಳ್ಳುವಂಥ ಸಂಗೀತ. ಅದನ್ನು ಕೇಳಿ ಬೆಳೆದವರಿಗೆ ಈಗಲೂ ಆ ರಾಗ ಬಂದರೆ ಬೆವರುತ್ತದೆ. ಸೆಗಾ ಕಂಪನಿಯ ಕೈಯಲ್ಲಿ ಹಿಡಿಯುವ ಯಂತ್ರ ಗೇಮ್ ಗಿಯರ್‌ಗೂ ಅದೇ ವರ್ಷ ಸೋನಿಕ್ ಬಂತು, ಮುಳುಗುವ ಭಯದ ಸಮೇತ.

ಟರ್ಟಲ್ ಝೋನ್‌ನಲ್ಲಿ ಉಸಿರಿನ ಲೆಕ್ಕವೇ ಇಲ್ಲ. ಕರ್ಬಿ ಎಂಬ ದುಂಡನೆ ಹೀರೋನ ಆಟಗಳಲ್ಲೂ ಇಲ್ಲ. ಆಟವನ್ನು ಖುಷಿಯದ್ದೋ ಭಯದ್ದೋ ಮಾಡುವುದು ಈ ಒಂದು ಗಡಿಯಾರ. ಅದನ್ನು ತೆಗೆದರೆ ಆಟಗಾರ ಸುಮ್ನೆ ತೇಲುತ್ತಾ ಮೂಲೆ ಮೂಲೆ ನೋಡಬಹುದು. ಮೀನಿನ ಹಿಂದೆ ಹೋಗಿ ಬಚ್ಚಿಟ್ಟ ನಾಣ್ಯ ಹುಡುಕಬಹುದು.

ಹಾಗಂತ ಭಯವೂ ಇಲ್ಲ, ಗುಂಡಿಯೂ ಇಲ್ಲ ಅಂದರೆ ಆಟದಲ್ಲಿ ಮಜಾ ಏನು ಉಳಿಯಿತು? ಅಲ್ಲಿ ಕೆಲಸಕ್ಕೆ ಬರುವುದು ಸೆಳವು. ಲೆಕ್ಕದಲ್ಲಿ ಅದು ಬಹಳ ಸುಲಭ: ಕೆಲವು ಟೈಲುಗಳ ಮೇಲಿದ್ದಾಗ ಪ್ರತಿ ಫ್ರೇಮಿಗೂ ವೇಗಕ್ಕೆ ಒಂದಿಷ್ಟು ಚೂರು ಕೂಡಿಸಿದರಾಯಿತು. ಆಟದಲ್ಲಿ ಮಾತ್ರ ಅದು ಬಾಗಿಲಾಗುತ್ತದೆ, ಬಲೆಯಾಗುತ್ತದೆ, ಜಾರುಬಂಡಿಯಾಗುತ್ತದೆ. 1995ರ 'ಕರ್ಬಿಸ್ ಡ್ರೀಮ್ ಲ್ಯಾಂಡ್ 2' ಇದನ್ನು ಬಲು ಜಾಣತನದಿಂದ ಬಳಸಿದೆ. ಅದರಲ್ಲಿ ಕೈನ್ ಅನ್ನೋ ಒಂದು ದುಂಡನೆ ಸನ್‌ಫಿಶ್ ಇದೆ. ಕರ್ಬಿ ಒಬ್ಬನೇ ಇದ್ದರೆ ಜೋರು ಸೆಳವು ಅವನನ್ನು ತಳ್ಳಿಕೊಂಡು ಹೋಗುತ್ತದೆ. ಕೈನ್ ಜೊತೆಗಿದ್ದರೆ ಎದುರು ಈಜಬಹುದು. ನೆಲಕ್ಕೆ ಬಂದರೆ ಅದೇ ಕೈನ್ ಪಟ್‌ಪಟ್ ಅಂತ ಕುಪ್ಪಳಿಸುವ ದಂಡಪಿಂಡ. ಇಂಥದ್ದಕ್ಕೆ ಪ್ರೋಗ್ರಾಮಿನಲ್ಲಿ ಬದಲಾಗಬೇಕಾದದ್ದು ಹೆಚ್ಚುಕಡಿಮೆ ಅಂಕಿಗಳೇ. ನಮಗೆ ಸಿಕ್ಕಿದ್ದು ಒಂದು ಪಾತ್ರ.

ಮುಂದೆ ಯಂತ್ರಗಳು ಬೆಳೆದವು. 1998ರಲ್ಲಿ ಗೇಮ್ ಬಾಯ್ ಕಲರ್ ಬಂದು ಕೊನೆಗೂ ನೀಲಿ ಸಿಕ್ಕಿತು. 2001ರ ಗೇಮ್ ಬಾಯ್ ಅಡ್ವಾನ್ಸ್ ಎರಡು ಪದರಗಳನ್ನು ಬೆರೆಸಿ ಅರೆಪಾರದರ್ಶಕ ನೀರು ತೋರಿಸುವುದನ್ನು ಯಂತ್ರದಲ್ಲೇ ಇಟ್ಟಿತು. ಗೆರೆಗೆ ಗೆರೆ ಸರಿಸುವ ಆ ಓಲಾಟವನ್ನೂ ಚಿಪ್ಪಿಗೆ ತೊಂದರೆ ಕೊಡದೆ ತಾನೇ ಮಾಡಿಕೊಳ್ಳುತ್ತಿತ್ತು. ಗುರುತ್ವ, ಗರಿಷ್ಠ ವೇಗ, ಕೈಬೀಸಿನ ಬಲ, ಈ ಮೂರು ಅಂಕಿಗಳ ಕಥೆ ಮಾತ್ರ ಹಾಗೇ ಇದೆ.

ಇದನ್ನು ನೀವೇ ಮಾಡಿ ನೋಡಬೇಕು ಅನ್ನಿಸಿದರೆ ಈಗ ದಾರಿ ಸುಲಭ. ಜಿಬಿ ಸ್ಟುಡಿಯೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಪ್ರೋಗ್ರಾಮಿಂಗ್ ಬಾರದವರೂ ಅದರಲ್ಲಿ ಅಸಲಿ ಗೇಮ್ ಬಾಯ್ ಮೇಲೆ ಓಡುವ ಆಟ ಕಟ್ಟಬಹುದು. ಅದರ ಪ್ಲಾಟ್‌ಫಾರ್ಮ್ ಆಟದ ಸೆಟ್ಟಿಂಗ್‌ಗಳಲ್ಲಿ ಗುರುತ್ವ, ನೆಗೆತದ ವೇಗ, ಬೀಳುವ ಗರಿಷ್ಠ ವೇಗ ಮೂರೂ ಬೇರೆ ಬೇರೆ ಇವೆ. ಮೊದಲು ನೆಗೆತದ ವೇಗ ತಗ್ಗಿಸಿ, ಆಮೇಲೆ ಬೀಳುವ ವೇಗ ತಗ್ಗಿಸಿ, ಗುರುತ್ವವನ್ನು ಆರನೇ ಒಂದು ಭಾಗಕ್ಕೆ ಇಳಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಈ ಕ್ರಮ ತಪ್ಪಿದರೆ ಹೀರೋ ಮೊದಲ ನೆಗೆತಕ್ಕೇ ಪರದೆಯ ಆಚೆ ಹೋಗಿ ಕೂರುತ್ತಾನೆ. ನೆಲ ಮುಟ್ಟಿದ್ದರೆ ಮಾತ್ರ ಹಾರು ಅನ್ನೋ ಷರತ್ತನ್ನು ದಾಟಿಸುವುದಕ್ಕೆ ಸ್ವಲ್ಪ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಬಣ್ಣ, ಗುಳ್ಳೆ, ಮೀನುಗಳ ಚಿಂತೆಯನ್ನು ಅದಾದ ಮೇಲೆ ಮಾಡಿದರೆ ಸಾಕು.